ತಿರುಗಿ ಬರುವ ಗಾಡಿ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಪಂದ್ಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೇ ಏಕೆ ಶುರುವಾಗುತ್ತದೆ ಎಂಬುದಕ್ಕೆ ಆಟದ ನಿಯಮಗಳಲ್ಲಿ ಉತ್ತರವಿಲ್ಲ. ಉತ್ತರ ಇರುವುದು 1850ರ ಕಾರ್ಖಾನೆ ಕಾಯ್ದೆಯಲ್ಲಿ. ಬಟ್ಟೆ ಗಿರಣಿಗಳಲ್ಲಿ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಎರಡು ಗಂಟೆಯ ನಂತರ ದುಡಿಸಕೂಡದು ಎಂದಿತು ಆ ಕಾಯ್ದೆ. ಗಂಡಸರ ಮಾತನ್ನು ಅದು ಎತ್ತಲಿಲ್ಲ. ಆದರೆ ಅರ್ಧಕ್ಕರ್ಧ ಕೈಗಳು ಮನೆಗೆ ಹೋದ ಮೇಲೆ ಎಂಜಿನ್ ಓಡಿಸಿ ಪ್ರಯೋಜನವೇನು? ಗಿರಣಿ ನಿಲ್ಲುತ್ತಿತ್ತು, ಗಂಡಸರೂ ಹೊರಗೆ ಬರುತ್ತಿದ್ದರು. ಮುಖ ತೊಳೆದು, ಒಂದಿಷ್ಟು ತಿಂದು, ಮೈದಾನಕ್ಕೆ ನಡೆದು ಹೋಗಲು ಒಂದು ಗಂಟೆ ಸಾಕು. ಅಲ್ಲಿಂದ ಬಂತು ಮೂರು ಗಂಟೆ.

ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಲ್ಯಾಂಕಷೈರ್‌ನ ಪ್ರೆಸ್ಟನ್‌ನಲ್ಲಿ ನರ್ಸ್ ಆಗಿದ್ದೇನೆ. ಊರಿನ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್. ಅದು ಪರವೂರಿನಲ್ಲಿ ಆಡುವಾಗ ನಮ್ಮದೊಂದು ಸಣ್ಣ ಗುಂಪು ಹಿಂದೆ ಹೋಗುತ್ತದೆ. ಆ ಗುಂಪಿನ ಟಿಕೆಟ್ಟು, ಬಸ್ಸು, ರೈಲಿನ ಜವಾಬ್ದಾರಿ ನನ್ನದು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು; ನಮ್ಮ ಮನೆಯಲ್ಲಿ ರೈಲ್ವೆ ಟೈಮ್‌ಟೇಬಲ್ಲನ್ನು ಪಂಚಾಂಗದ ಪಕ್ಕದಲ್ಲೇ ಇಡುತ್ತಿದ್ದರು. ಪಂದ್ಯಕ್ಕೆ ಹೊರಟೆ ಎಂದು ಫೋನಿನಲ್ಲಿ ಹೇಳಿದಾಗಲೆಲ್ಲ ಅವರದು ಒಂದೇ ಮಾತು: "ಹೋಗೂ ಗಾಡಿ ಯಾರರ ಹೇಳ್ತಾರವಾ, ತಿರಗಿ ಬರೂ ಗಾಡಿ ಯಾವಾಗ ಐತಿ ಅದನ್ನ ಮೊದಲ ನೋಡು." ಈ ನಾಡಿನಲ್ಲಿ ತಮ್ಮ ತಂಡದ ಹಿಂದೆ ಊರೂರು ತಿರುಗಿದ ನಾಲ್ಕೈದು ತಲೆಮಾರಿನ ಜನರ ಚರಿತ್ರೆ ಓದುತ್ತ ಹೋದಂತೆ, ಅವರೆಲ್ಲರ ತಲೆಬೇನೆಯೂ ಅದೇ ಆಗಿತ್ತೆಂದು ತಿಳಿಯಿತು. ದುಡಿಯುವವನ ಕೈಗೆ ಎಷ್ಟು ಹೊತ್ತು ಸಿಗುತ್ತದೆ, ಆ ಹೊತ್ತಿನೊಳಗೆ ಹೋಗಿ ಬರಲಾಗುತ್ತದೆಯೇ ಎಂಬುದೇ ಲೆಕ್ಕ.

ಪ್ರೆಸ್ಟನ್‌ಗೆ ರೈಲು ಬಂದದ್ದು 1838ರಲ್ಲಿ. ಸರಿಯಾಗಿ ಐವತ್ತು ವರ್ಷದ ನಂತರ, 1888ರಲ್ಲಿ, ಫುಟ್‌ಬಾಲ್ ಲೀಗ್ ಹುಟ್ಟಿತು. ಮೊದಲ ಹನ್ನೆರಡು ಕ್ಲಬ್‌ಗಳಲ್ಲಿ ಆರು ಲ್ಯಾಂಕಷೈರ್‌ನವು, ಆರು ಬರ್ಮಿಂಗ್‌ಹ್ಯಾಮ್, ಡರ್ಬಿ, ನಾಟಿಂಗ್‌ಹ್ಯಾಮ್ ಕಡೆಯ ಮಧ್ಯನಾಡಿನವು. ಲಂಡನ್ನಿನದು ಒಂದೂ ಇಲ್ಲ. ನಕ್ಷೆಯ ಮೇಲೆ ರೈಲು ದಾರಿ ಗೀಚಿ ನೋಡಿದರೆ ಈ ಹನ್ನೆರಡೂ ಒಂದೇ ದಿನದಲ್ಲಿ ಹೋಗಿ ಆಡಿ ಬರಬಹುದಾದ ಊರುಗಳು. ಪ್ರತಿ ತಂಡವೂ ಪ್ರತಿ ತಂಡದ ಊರಿಗೆ ಹೋಗಬೇಕು ಎಂಬ ಲೀಗ್‌ನ ಕಲ್ಪನೆಯೇ ರೈಲಿಲ್ಲದೆ ನಿಲ್ಲುತ್ತಿರಲಿಲ್ಲ. ಆ ಮೊದಲ ವರ್ಷ ಪ್ರೆಸ್ಟನ್ 22 ಪಂದ್ಯಗಳಲ್ಲಿ 18 ಗೆದ್ದು, 4 ಸರಿಸಮ ಮಾಡಿ, ಒಂದನ್ನೂ ಸೋಲದೆ ಚಾಂಪಿಯನ್ ಆಯಿತು.

ಆಗಿನ ಅಭಿಮಾನಿಗಳು ವಾರವಾರವೂ ದೂರ ಹೋಗುತ್ತಿರಲಿಲ್ಲ, ಅಷ್ಟು ಹಣವಿರಲಿಲ್ಲ. ಬ್ಲ್ಯಾಕ್‌ಬರ್ನ್, ಬೋಲ್ಟನ್, ಬರ್ನ್‌ಲಿ ಇವೆಲ್ಲ ಕೂಗಳತೆಯ ಊರುಗಳು, ಅಲ್ಲಿಗೆ ಹೋಗುತ್ತಿದ್ದರು. ದೂರದ ಪ್ರಯಾಣ ಅಂದರೆ, ಲೀಗ್‌ನ ಹೊರಗೆ ನಡೆಯುತ್ತಿದ್ದ ಕಪ್ ಪಂದ್ಯಾವಳಿಯ ಫೈನಲ್ಲಿನ ಲಂಡನ್. ಅದಕ್ಕೆ ಗಿರಣಿಗಳಲ್ಲಿ, ಪಬ್‌ಗಳಲ್ಲಿ ಉಳಿತಾಯದ ಕೂಟಗಳಿರುತ್ತಿದ್ದವು. ನಮ್ಮ ಕಡೆ ಹೆಂಗಸರು ಚೀಟಿ ಕಟ್ಟುವಂತೆ ವಾರಕ್ಕಿಷ್ಟು ಪೆನ್ನಿ ಹಾಕುತ್ತ ಹೋಗುವುದು, ರೈಲು ಕಂಪನಿ ಸೋವಿ ದರದ ಎಕ್ಸ್‌ಕರ್ಷನ್ ಗಾಡಿ ಬಿಟ್ಟಾಗ ಒಟ್ಟಿಗೆ ಹೊರಡುವುದು. ಶುಕ್ರವಾರ ರಾತ್ರಿ ಗಾಡಿ ಹತ್ತಿ, ಕೂತೇ ನಿದ್ದೆ ಮಾಡಿ, ಬೆಳಗಾಗುವಾಗ ಲಂಡನ್ ಮುಟ್ಟಿ, ಮಧ್ಯಾಹ್ನದವರೆಗೆ ಪಟ್ಟಣ ನೋಡಿ, ಪಂದ್ಯ ನೋಡಿ, ರಾತ್ರಿ ಗಾಡಿಗೆ ವಾಪಸ್. ಹೋಟೆಲ್ಲಿನ ಮಾತೇ ಇಲ್ಲ. 1889ರ ಮಾರ್ಚ್‌ನಲ್ಲಿ ಕೆನಿಂಗ್‌ಟನ್ ಓವಲ್‌ನಲ್ಲಿ ಪ್ರೆಸ್ಟನ್ನಿನವರು ವುಲ್ವ್ಸ್ ತಂಡವನ್ನು 3–0ರಿಂದ ಸೋಲಿಸಿ ಕಪ್ಪನ್ನೂ ಗೆದ್ದಾಗ ನೋಡಿದವರು ಸುಮಾರು 22,000.

ಇಂಥ ಜನ ಲಂಡನ್ನಿಗೆ ಕಾಲಿಟ್ಟದ್ದನ್ನು ಅಲ್ಲಿಯವರೆಲ್ಲ ಸಹಿಸಲಿಲ್ಲ. 1884ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಬೆಂಬಲಿಗರು ಬಂದಾಗ ಅವರ ಉಡುಪು, ಮಾತು, ಬೈಗುಳ ಎಲ್ಲವನ್ನೂ ಹೀಗಳೆದು, ಅವರು ಯಾವುದೋ ಕಾಡು ಬುಡಕಟ್ಟಿನವರೋ ಎಂಬಂತೆ ಪಾಲ್ ಮಾಲ್ ಗೆಜೆಟ್ ಪತ್ರಿಕೆ ಬರೆಯಿತು. ಪರವೂರಿನ ಬೆಂಬಲಿಗನನ್ನು ಅತಿಥಿಯಾಗಿ ಕಾಣಬೇಕೋ ದಾಳಿಕೋರನಾಗಿಯೋ ಎಂಬ ಜಗಳ ಅಷ್ಟು ಹಳೆಯದು. ನಾನು ಅದನ್ನು ಓದಿ ಸಿಟ್ಟಾದೆ. ಆ ಗಿರಣಿಯವರ ಜೊತೆ ನಮ್ಮ ಸೀಮೆಗೂ ಒಂದು ನಂಟಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಾಗ ಪ್ರೆಸ್ಟನ್‌ನ ಗಿರಣಿಗಳು ಮುಚ್ಚಿ ಜನ ಉಪವಾಸ ಬಿದ್ದರು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಧಾರವಾಡ ಸೀಮೆಯ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಬೇಕೆಂದು ಒತ್ತಾಯಿಸಿದ ಕಾಲ ಅದು. ಆ ಹಸಿವಿನಲ್ಲಿ ಬೆಳೆದ ಮಕ್ಕಳೇ ದೊಡ್ಡವರಾಗಿ, ಪೆನ್ನಿಗೆ ಪೆನ್ನಿ ಕೂಡಿಸಿ, ಓವಲ್ ಮೈದಾನಕ್ಕೆ ಹೋದವರು.

ಟಿಕೆಟ್ಟಿನ ಕಥೆ ಶುರುವಾಗುವುದು ಬಹಳ ತಡವಾಗಿ. ಸಾಮಾನ್ಯ ಪಂದ್ಯಕ್ಕೆ ತಿರುಗುವ ಗೇಟಿನಲ್ಲಿ ಚಿಲ್ಲರೆ ಕೊಟ್ಟು ಒಳಗೆ ಹೋಗುವುದೇ ರೂಢಿ. 1923ರ ಏಪ್ರಿಲ್ 28ರಂದು ವೆಂಬ್ಲಿಯ ಹೊಸ ಕ್ರೀಡಾಂಗಣದಲ್ಲಿ ಬೋಲ್ಟನ್ ಮತ್ತು ವೆಸ್ಟ್ ಹ್ಯಾಮ್ ನಡುವೆ ಕಪ್ ಫೈನಲ್ ಇತ್ತು. ಲೆಕ್ಕಕ್ಕೆ ಸಿಕ್ಕವರೇ 1,26,047. ಗೋಡೆ ಹಾರಿ ಬಂದವರನ್ನು ಸೇರಿಸಿದರೆ ಎರಡು ಲಕ್ಷ ದಾಟಿತ್ತೆನ್ನುತ್ತಾರೆ. ಜನ ಮೈದಾನದ ನಡುವಿಗೇ ನುಗ್ಗಿದರು. ಬಿಳಿ ಕುದುರೆಯೇರಿದ ಪೊಲೀಸನೊಬ್ಬ ಅವರನ್ನು ನಿಧಾನವಾಗಿ ಗೆರೆಯಾಚೆ ಸರಿಸಿದ ಚಿತ್ರ ಇಂದಿಗೂ ಇಲ್ಲಿನ ಪಬ್‌ಗಳ ಗೋಡೆಯ ಮೇಲಿದೆ. ಮರುವರ್ಷದಿಂದ ಫೈನಲ್ಲಿಗೆ ಮುಂಗಡ ಟಿಕೆಟ್ ಕಡ್ಡಾಯವಾಯಿತು. ಅಲ್ಲಿಂದ ಬಂತು ಹೊಸ ಸಂಕಟ: ಟಿಕೆಟ್ ಯಾರಿಗೆ? ಆಡುವ ಎರಡು ಕ್ಲಬ್‌ಗಳಿಗೆ ಸಿಗುತ್ತಿದ್ದುದು ಒಂದು ಪಾಲು ಮಾತ್ರ, ಉಳಿದವು ದೇಶದ ಉದ್ದಗಲದ ಫುಟ್‌ಬಾಲ್ ಸಂಘಗಳಿಗೆ ಹಂಚಿಹೋಗುತ್ತಿದ್ದವು. ವರ್ಷವಿಡೀ ಮಳೆಯಲ್ಲಿ ನಿಂತು ನೋಡಿದವನಿಗೆ ಫೈನಲ್ಲಿನ ದಿನ ಜಾಗವಿಲ್ಲ. ಎಷ್ಟೋ ಕ್ಲಬ್‌ಗಳು ಇದಕ್ಕೆ ತಮ್ಮದೇ ಉಪಾಯ ಹೂಡಿದವು. ಪ್ರತಿ ಪಂದ್ಯದ ಪ್ರೋಗ್ರ್ಯಾಮ್ ಪುಸ್ತಿಕೆಯಲ್ಲಿ ಒಂದು ಟೋಕನ್ ಅಚ್ಚು ಹಾಕುವುದು. ಅದನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಹಾಳೆ ತುಂಬಿಸಿದವನಿಗೆ ಮೊದಲ ಸರದಿ. ನಿಷ್ಠೆಯನ್ನು ಕತ್ತರಿ, ಅಂಟಿನಿಂದ ಲೆಕ್ಕ ಹಾಕಿದ ಈ ಏರ್ಪಾಟು ನನಗೆ ನ್ಯಾಯವಾಗಿಯೇ ಕಾಣುತ್ತದೆ.

1938ರ ಫೈನಲ್ಲಿಗೆ ಪ್ರೆಸ್ಟನ್ ಮತ್ತೆ ಹೋಯಿತು, ಹಡರ್ಸ್‌ಫೀಲ್ಡ್ ವಿರುದ್ಧ. ಹೆಚ್ಚುವರಿ ಸಮಯದ ಕಡೆಯ ನಿಮಿಷದಲ್ಲಿ ಜಾರ್ಜ್ ಮಚ್ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ತಾಗಿ ಒಳಗೆ ಹೋಯಿತು, 1–0. ಬಿಬಿಸಿ ಮೊದಲ ಬಾರಿಗೆ ಪೂರ್ತಿ ಫೈನಲ್ಲನ್ನು ಟಿವಿಯಲ್ಲಿ ನೇರವಾಗಿ ತೋರಿಸಿದ್ದು ಇದನ್ನೇ. ಆಗ ಟಿವಿ ಇದ್ದದ್ದು ಲಂಡನ್ ಸುತ್ತಲಿನ ಕೆಲವೇ ಸಾವಿರ ಮನೆಗಳಲ್ಲಿ. ಪ್ರೆಸ್ಟನ್ನಿನವರು ನೋಡಬೇಕಾದರೆ ಹೋಗಿಯೇ ನೋಡಬೇಕಿತ್ತು. ಮರುವರ್ಷ ಯುದ್ಧ ಬಂತು. ತಂಡಗಳು ಐವತ್ತು ಮೈಲಿಗಿಂತ ದೂರ ಹೋಗಕೂಡದೆಂದು ಸರ್ಕಾರ ಮಿತಿ ಹಾಕಿತು.

ಯುದ್ಧ ಮುಗಿದ ಮೇಲಿನ ಮೂವತ್ತು ವರ್ಷ ಪರವೂರಿನ ಪಯಣದ ಸುಗ್ಗಿಯ ಕಾಲ. ನಮ್ಮ ಗುಂಪಿನಲ್ಲಿ ನಿವೃತ್ತ ಸಿಗ್ನಲ್‌ಮನ್ ಒಬ್ಬರಿದ್ದಾರೆ. 1964ರಲ್ಲಿ ಪ್ರೆಸ್ಟನ್ ಎರಡನೆಯ ಡಿವಿಷನ್ನಿನಲ್ಲಿದ್ದೂ ಕಪ್ ಫೈನಲ್ ತಲುಪಿ, ವೆಸ್ಟ್ ಹ್ಯಾಮ್ ಎದುರು 3–2ರಿಂದ ಸೋತ ದಿನ, ಅವರು ಹುಡುಗನಾಗಿ ತಂದೆಯ ಜೊತೆ 'ಫುಟ್‌ಬಾಲ್ ಸ್ಪೆಷಲ್' ಗಾಡಿಯಲ್ಲಿ ಹೋಗಿದ್ದರು. ಅವರು ಹೇಳುವ ಪ್ರಕಾರ ಸ್ಪೆಷಲ್‌ಗಳಿಗೆ ರೈಲ್ವೆಯವರು ಕೊಡುತ್ತಿದ್ದುದು ಸವೆದ ಬೋಗಿಗಳನ್ನೇ. ಚಳಿಗೆ ಹೀಟರ್ ನಡೆದರೆ ನಡೆಯಿತು. ಆದರೂ ಆ ಗಾಡಿಗೆ ಒಂದು ದೊಡ್ಡ ಗುಣವಿತ್ತು. ಪಂದ್ಯ ಮುಗಿಯುವವರೆಗೆ ಅದು ಕಾಯುತ್ತಿತ್ತು! ಹೆಚ್ಚುವರಿ ಸಮಯಕ್ಕೆ ಹೋದರೂ ಬಿಟ್ಟು ಹೋಗುತ್ತಿರಲಿಲ್ಲ. ಟೈಮ್‌ಟೇಬಲ್ಲೇ ಆಟದ ಮಾತು ಕೇಳುತ್ತಿದ್ದ ಆ ಏರ್ಪಾಟನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅಷ್ಟರಲ್ಲಿ ರಸ್ತೆಯೂ ಬಂದಿತ್ತು. ಬ್ರಿಟನ್ನಿನ ಮೊಟ್ಟಮೊದಲ ಮೋಟಾರ್‌ವೇ ಪ್ರೆಸ್ಟನ್ ಬೈಪಾಸ್, 1958ರ ಡಿಸೆಂಬರ್ 5ರಂದು ತೆರೆದದ್ದು. ಈಗ ಅದು ಎಂ6ರ ತುಣುಕು. ಕೋಚ್ ಬಸ್ಸಿಗೆ ನಿಲ್ದಾಣ ಬೇಕಿಲ್ಲ, ಪಬ್ಬಿನ ಮುಂದೆಯೇ ಹತ್ತಬಹುದು. ಇಂದಿಗೂ ನಾವು ದೂರದ ಪಂದ್ಯಕ್ಕೆ ಹೆಚ್ಚಾಗಿ ಹೋಗುವುದು ಹಾಗೆಯೇ.

ಎಪ್ಪತ್ತರ ದಶಕದಲ್ಲಿ ಬೆಂಬಲಿಗರ ನಡುವೆ ಬಡಿದಾಟ ಹೆಚ್ಚಿತು, ಅದನ್ನು ಮುಚ್ಚಿಡುವಂತಿಲ್ಲ. ಗಾಡಿಗಳ ಕಿಟಕಿ ಒಡೆದವು, ನಿಲ್ದಾಣದಿಂದ ಮೈದಾನದವರೆಗೆ ಪೊಲೀಸರು ಸುತ್ತುಗಟ್ಟಿ ನಡೆಸತೊಡಗಿದರು, 1985ರ ಕಾನೂನು ಸ್ಪೆಷಲ್ ಗಾಡಿ ಮತ್ತು ಬಸ್ಸುಗಳಲ್ಲಿ ಮದ್ಯವನ್ನು ನಿಷೇಧಿಸಿತು. ಆದರೆ ಕೆಲವರ ಪುಂಡಾಟಕ್ಕೆ ಎಲ್ಲರನ್ನೂ ಬೇಲಿಯೊಳಗೆ ಕೂಡಿದ್ದರ ಬೆಲೆ ತೆತ್ತವರು ಬೇರೆಯೇ ಜನ. 1989ರ ಏಪ್ರಿಲ್ 15ರಂದು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬೆಂಬಲಿಗರು ಪಂದ್ಯ ನೋಡಲು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನಕ್ಕೆ ಬಂದರು. ಎರಡೂ ಕಡೆಯವರಿಗೆ ಅದು ಪರವೂರು. ಲಿವರ್‌ಪೂಲಿನವರಿಗೆ ಕೊಟ್ಟದ್ದು ಲೆಪಿಂಗ್ಸ್ ಲೇನ್ ಕಡೆಯ ಕೆಲವೇ ಇಕ್ಕಟ್ಟಾದ ಗೇಟುಗಳು. ಹೊರಗೆ ನೂಕುನುಗ್ಗಲಾದಾಗ ಪೊಲೀಸರು ಹೊರಹೋಗುವ ಗೇಟನ್ನು ತೆರೆಸಿದರು. ಜನ ಸುರಂಗದ ಮೂಲಕ ಆಗಲೇ ತುಂಬಿದ್ದ ಆವರಣಕ್ಕೆ ಹೋದರು. ಮುಂದೆ ಕಬ್ಬಿಣದ ಬೇಲಿ. 97 ಜನ ಸತ್ತರು. ತಪ್ಪು ಬೆಂಬಲಿಗರದೇ ಎಂದು ಪೊಲೀಸರು ಹೇಳಿದರು, ಪತ್ರಿಕೆಗಳು ಬರೆದವು. ಅದು ಸುಳ್ಳು, ಅವರದು ಕಾನೂನುಬಾಹಿರ ಸಾವು, ಬೆಂಬಲಿಗರ ತಪ್ಪೇನೂ ಇಲ್ಲ ಎಂದು ವಿಚಾರಣೆಯ ಜ್ಯೂರಿ ಹೇಳುವಷ್ಟರಲ್ಲಿ 2016 ಬಂದಿತ್ತು. ನಾನು ನರ್ಸ್; ಎದೆಯ ಮೇಲೆ ಭಾರ ಬಿದ್ದು ಉಸಿರುಗಟ್ಟುವುದೆಂದರೆ ಏನೆಂದು ನನಗೆ ಗೊತ್ತು. ಹಾಗೆ ಸತ್ತವರ ಮೇಲೆಯೇ ಅಪವಾದ ಹೊರಿಸಿ ಇಪ್ಪತ್ತೇಳು ವರ್ಷ ಮನೆಯವರನ್ನು ಅಲೆಸಿದ್ದು ಈ ದೇಶ ಮಾಡಿದ ದೊಡ್ಡ ಅನ್ಯಾಯಗಳಲ್ಲಿ ಒಂದು.

ಆ ದುರಂತದ ಬಗ್ಗೆ ಬಂದ 1990ರ ಟೇಲರ್ ವರದಿಯ ನಂತರ ಬೇಲಿಗಳು ಹೋದವು, ಮೇಲಿನ ಡಿವಿಷನ್ನುಗಳಲ್ಲಿ ಎಲ್ಲರಿಗೂ ಆಸನ ಬಂತು. ಇಂದಿನ ಟಿಕೆಟ್ ಪದ್ಧತಿಯ ಬೇರು ಅಲ್ಲಿದೆ. ಆಸನ ಇಷ್ಟೇ ಎಂದ ಮೇಲೆ ಬರುವ ತಂಡಕ್ಕೆ ಪಾಲು ಇಷ್ಟೇ. ಪ್ರೀಮಿಯರ್ ಲೀಗಿನಲ್ಲಿ 3,000 ಅಥವಾ ಮೈದಾನದ ಹತ್ತನೆಯ ಒಂದು ಭಾಗ, ಯಾವುದು ಕಡಿಮೆಯೋ ಅದು. ಹಳೆಯ ಟೋಕನ್ ಹಾಳೆಯ ಜಾಗದಲ್ಲಿ ಈಗ ಪಾಯಿಂಟುಗಳು: ಹೋದ ಪಂದ್ಯಗಳ ಲೆಕ್ಕ ಕಂಪ್ಯೂಟರಿನಲ್ಲಿರುತ್ತದೆ, ಹೆಚ್ಚು ಹೋದವರಿಗೆ ಮೊದಲು. ಬೆಲೆ ಏರಿತು. ಬೆಂಬಲಿಗರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2016ರಲ್ಲಿ ಪ್ರೀಮಿಯರ್ ಲೀಗ್ ಪರವೂರಿನವರ ಟಿಕೆಟ್ಟಿಗೆ 30 ಪೌಂಡ್ ಮಿತಿ ಒಪ್ಪಿತು. ಅದು ಆ ಇಪ್ಪತ್ತು ಕ್ಲಬ್‌ಗಳ ನಿರ್ಧಾರ. ಕೆಳಗಿನ ಲೀಗಿನಲ್ಲಿರುವ ನಮಗೆ ಅದು ಅನ್ವಯಿಸಲಿಲ್ಲ.

ಬೆಲೆಗಿಂತ ನನ್ನನ್ನು ಕಾಡುವುದು ಹೊತ್ತು. ಅರವತ್ತರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಪಟ್ಟು ಹಿಡಿದು ಒಂದು ಕಟ್ಟುಪಾಡು ತಂದರು: ಶನಿವಾರ ಮಧ್ಯಾಹ್ನದ ಆಟದ ಹೊತ್ತಿನಲ್ಲಿ ಟಿವಿಯಲ್ಲಿ ನೇರ ಪಂದ್ಯ ಕೂಡದು, ಜನ ಮನೆಯಲ್ಲಿ ಕೂತುಬಿಟ್ಟಾರು. ಸಣ್ಣ ಊರಿನ ಕ್ಲಬ್‌ಗಳನ್ನು ಉಳಿಸಲು ಬಂದ ಆ ನಿಯಮ ಇಂದಿಗೂ ಇದೆ, ಇರಲೇಬೇಕು. ಆದರೆ ಮೂರು ಗಂಟೆಗೆ ತೋರಿಸುವಂತಿಲ್ಲವಾದ್ದರಿಂದ ಟಿವಿಯವರು ಆರಿಸಿದ ಪಂದ್ಯ ಮೂರು ಗಂಟೆಯಿಂದ ಕದಲುತ್ತದೆ. ಶುಕ್ರವಾರ ರಾತ್ರಿಗೆ, ಶನಿವಾರ ಹನ್ನೆರಡೂವರೆಗೆ. 2024ರಲ್ಲಿ ಶುರುವಾದ ಒಪ್ಪಂದದಂತೆ ಪ್ರೀಮಿಯರ್ ಲೀಗಿನ ಕೆಳಗಿನ ಮೂರು ಡಿವಿಷನ್ನುಗಳ ಪಂದ್ಯ ಮತ್ತು ಅವುಗಳ ಲೀಗ್ ನಡೆಸುವ ಕಪ್ ಪಂದ್ಯ ಸೇರಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಪಂದ್ಯ ತೋರಿಸುತ್ತಾರೆ. ಲಂಡನ್ನಿನಲ್ಲಿ ರಾತ್ರಿ ಹತ್ತರ ಹತ್ತಿರ ಪಂದ್ಯ ಮುಗಿದರೆ ಪ್ರೆಸ್ಟನ್‌ಗೆ ಆ ರಾತ್ರಿ ರೈಲಿಲ್ಲ. ಮುಂಗಡವಾಗಿ ಕೊಂಡ ಅಗ್ಗದ ರೈಲು ಟಿಕೆಟ್ಟು ಒಂದೇ ಗಾಡಿಗೆ, ಒಂದೇ ದಿನಕ್ಕೆ ಸಲ್ಲುವಂಥದ್ದು. ದಿನ ಬದಲಾದರೆ ಆ ಗಾಡಿ ನಮ್ಮ ಉಪಯೋಗಕ್ಕಿಲ್ಲ.

ಇಷ್ಟಾದರೂ ಜನ ಹೋಗುತ್ತಾರೆ. ಎಪ್ಪತ್ತರ ದಶಕದ ಮೊದಲಲ್ಲಿ ಪ್ರೆಸ್ಟನ್‌ನ ಮ್ಯಾನೇಜರ್ ಆಗಿದ್ದ ಅಲನ್ ಬಾಲ್ (1966ರ ವಿಶ್ವಕಪ್ ಗೆದ್ದ ಅಲನ್ ಬಾಲ್‌ನ ತಂದೆ) ತಂಡದ ಹಿಂದೆ ಎಲ್ಲಿಗೂ ಬರುತ್ತಿದ್ದ ಬೆಂಬಲಿಗರನ್ನು 'ಜೆಂಟ್ರಿ' ಎಂದು ಕರೆದರು, ಕುಲೀನರು ಎಂದು. ಆ ಹೆಸರಿನಲ್ಲಿ ಈಗ ವರ್ಷಕ್ಕೊಂದು ಪರವೂರಿನ ಪಂದ್ಯ ಆರಿಸಿಕೊಂಡು ಸಾವಿರಾರು ಮಂದಿ ಸೂಟು ತೊಟ್ಟು, ತಲೆಗೆ ಗುಂಡು ಬೌಲರ್ ಟೊಪ್ಪಿಗೆ ಇಟ್ಟು ಹೋಗುತ್ತಾರೆ. ತೀರಿಹೋದ ಬೆಂಬಲಿಗರ ನೆನಪಿಗೆ ಆ ದಿನ. ನಮ್ಮ ವಾರ್ಡಿನಲ್ಲಿ ಕಣ್ಣುಮುಚ್ಚಿದವರೊಬ್ಬರ ಮಗಳು ಒಮ್ಮೆ ನನ್ನ ಪಕ್ಕದಲ್ಲಿ ಕೂತಿದ್ದಳು, ತಂದೆಯ ಟೊಪ್ಪಿಗೆಯಲ್ಲಿ. ಪೂರ್ವಜರ ಹೆಸರಿನಲ್ಲಿ ಹೊರಟ ಜಾತ್ರೆ ಅದು. ಬಟ್ಟೆ ಕಂಡು ನಕ್ಕ 1884ರ ಆ ಪತ್ರಿಕೆಯವರು ಈ ಸಾಲನ್ನು ನೋಡಬೇಕಿತ್ತು.

ಕ್ರಿಸ್‌ಮಸ್ ಮರುದಿನ, ಡಿಸೆಂಬರ್ 26ರಂದು, ಪಂದ್ಯ ಆಡಿಸುವುದು ಇಲ್ಲಿನ ಹಳೆಯ ಸಂಪ್ರದಾಯ. ಅದೇ ದಿನ ದೇಶದ ಬಹುಪಾಲು ರೈಲು ಓಡುವುದಿಲ್ಲ. ರೈಲಿಲ್ಲದ ದಿನ ದೂರದೂರಿನ ಪಂದ್ಯ ಹಾಕಬೇಡಿ, ಟಿವಿಗಾಗಿ ದಿನ ಬದಲಿಸುವುದಾದರೆ ರೈಲು ಟಿಕೆಟ್ ಮಾರಾಟ ಶುರುವಾಗುವ ಮುಂಚೆ ತಿಳಿಸಿ, ಆಮೇಲೆ ಬದಲಿಸಿದರೆ ಆಗಲೇ ಟಿಕೆಟ್ ಕೊಂಡಿದ್ದವರ ಹಣ ಹಿಂದಿರುಗಿಸಿ: ನಾನು ಬರೆಯುವ ಪತ್ರಗಳಲ್ಲಿ ಕೇಳುವುದು ಈ ಮೂರನ್ನೇ. ಪಂದ್ಯಗಳ ಪಟ್ಟಿ ಬೇಸಿಗೆಯಲ್ಲಿ ಬರುತ್ತದೆ. ಅದು ಬಂದ ದಿನ ವಾರ್ಡಿನ ಡ್ಯೂಟಿ ರೋಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಮೊದಲು ಡಿಸೆಂಬರ್ ತೆರೆಯುತ್ತೇನೆ, ಆಮೇಲೆ ದಕ್ಷಿಣದ ಕರಾವಳಿಯ ಊರುಗಳನ್ನು ಹುಡುಕುತ್ತೇನೆ. ಕೋಚ್ ಮಾಲೀಕನಿಗೆ ಫೋನ್ ಮಾಡುವುದು ಅದೇ ಸಂಜೆ, ಯಾಕೆಂದರೆ ತಡಮಾಡಿದರೆ ಬ್ಲ್ಯಾಕ್‌ಬರ್ನಿನವರು ಆ ಬಸ್ಸನ್ನು ಹಿಡಿದಿರುತ್ತಾರೆ.