ರಿಯೂನಿಯನ್ನಿನ ಹತ್ತುಮೀನು

ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರಿಯೂನಿಯನ್ನಿನ ಸೇಂ ಬೆನ್ವಾದಲ್ಲಿ ಮಾರ್ಸ್ವೆಂ ನದಿ ಕಡಲು ಸೇರುವ ಕಡೆ ಒಬ್ಬ ಮುದುಕ ಸೊಂಟಮಟ್ಟ ನೀರಲ್ಲಿ ನಿಂತು ಕಲ್ಲು ಜೋಡಿಸುತ್ತಿದ್ದ. ಪಕ್ಕದಲ್ಲಿ ಮಲಗಿಸಿದ್ದ ಬುಟ್ಟಿ ನೋಡಿ ನನಗೆ ನಗು ಬಂತು. ಅಗಲ ಬಾಯಿ, ಚೂಪು ಬಾಲ. ಮೊದಲ ಮಳೆಗೆ ಹೊಳೆಯಿಂದ ಮೇಲೇರಿ ಬರುವ ಹತ್ತುಮೀನು ಹಿಡಿಯಲು ತೀರ್ಥಹಳ್ಳಿ ಕಡೆ ಅಪ್ಪಯ್ಯ ಹಳ್ಳಕ್ಕೆ ಒಡ್ಡುತ್ತಿದ್ದ ಕೂಣಿಯೇ! ಇಲ್ಲಿ ಅದಕ್ಕೆ ವೂವ್ ಅನ್ನುತ್ತಾರೆ. ಹಿಂದೆ ತೆಂಗಿನ ಗರಿಯ ಕಡ್ಡಿಯಲ್ಲಿ ಹೆಣೆಯುತ್ತಿದ್ದರಂತೆ, ಈಗಿನದು ತಂತಿಜಾಲರಿ. ಕಲ್ಲಿನ ಸಾಲು ನದಿಯನ್ನು ಕಿರುಗಾಲುವೆಗಳಾಗಿ ಸೀಳುತ್ತದೆ. ಸೆಳೆತಕ್ಕೆ ಎದುರಾಗಿ ಏರುವ ಮೀನು ನೇರ ವೂವ್‌ನೊಳಕ್ಕೆ.

ಅಪ್ಪಯ್ಯ ಹಿಡಿಯುತ್ತಿದ್ದುದು ಮೊಟ್ಟೆ ತುಂಬಿದ ದೊಡ್ಡ ಮೀನು. ಇವರಿಗೆ ಬೇಕಾದ್ದು ಮರಿ. ಹೆಸರು ಬಿಶೀಕ್, ಉದ್ದ ಮೂರು ಸೆಂಟಿಮೀಟರಿನ ಆಸುಪಾಸು, ಮೈ ಗಾಜಿನಂತೆ. ತಾಯಿ ಮೊಟ್ಟೆಯಿಡುವುದು ಹೊಳೆಯಲ್ಲಿ. ಒಡೆದ ಮರಿ ಕೊಚ್ಚಿಕೊಂಡು ಕಡಲಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಬೆಳೆದು ಮರಳುತ್ತದೆ. ಸಿಹಿನೀರು ತಾಗಿದ ಕೆಲವೇ ದಿನಗಳಲ್ಲಿ ಮೂತಿಯ ತುದಿಯಲ್ಲಿದ್ದ ಬಾಯಿ ಕೆಳಕ್ಕೆ ಜರುಗುತ್ತದೆ, ಬಂಡೆಯ ಪಾಚಿ ಕೆರೆಯಲು. ಆಮೇಲೆ ಅದು ಬಿಶೀಕ್ ಅಲ್ಲ, ‘ದುಂಡುಬಾಯಿ’. ಆ ಬಾಯಿಂದೊಮ್ಮೆ, ಹೊಟ್ಟೆಯಡಿಯ ರೆಕ್ಕೆಗಳು ಕೂಡಿ ಆದ ಬಟ್ಟಲಿನಿಂದೊಮ್ಮೆ ಕಚ್ಚಿಕೊಳ್ಳುತ್ತ ಜಲಪಾತವನ್ನೇ ಏರುತ್ತದೆ. 1770ರಲ್ಲಿ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ಇದಕ್ಕಿಟ್ಟ ಶಾಸ್ತ್ರೀಯ ಹೆಸರಿನ ಅರ್ಥ ‘ಮೊಲದ ತಲೆ’. ಮೊಲ ಎಲ್ಲಿ ಕಂಡಿತೋ ಪುಣ್ಯಾತ್ಮನಿಗೆ!

ಮುದುಕ ಮಲ್ಬಾರ್, ಅಂದರೆ ತಮಿಳು ಮೂಲದವನು. 1848ರ ಡಿಸೆಂಬರ್ 20ರಂದು ಇಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರು ಸುಮಾರು 60,000 ಮಂದಿ. ಕಬ್ಬಿನ ತೋಟಗಳಿಗೆ ಆಳು ಬೇಕಾಗಿ ಕರಾರು ಬರೆಸಿ ತಮಿಳುನಾಡಿನ ಕಡೆಯಿಂದ ತಂದರು. ಬಂದವರನ್ನೆಲ್ಲ ಮಲ್ಬಾರ್ ಅಂದರು. ಇವನಿಗೆ ತಮಿಳು ಬಾರದು, ಆಡುವುದು ಕ್ರಿಯೋಲ್. ಆದರೆ ಮಧ್ಯಾಹ್ನ ಅವನ ಮನೆಯಲ್ಲಿ ಉಂಡದ್ದು ಬಿಶೀಕಿನ ‘ಕಾರಿ’, ತಮಿಳಿನ ಕರಿಯೇ. ಈರುಳ್ಳಿ, ಟೊಮೆಟೊ, ಶುಂಠಿ, ಅರಿಶಿನ. ಅರಿಶಿನಕ್ಕೆ ಇಲ್ಲಿ ಕೇಸರಿ ಅನ್ನುತ್ತಾರೆ, ನಮ್ಮಲ್ಲಾದರೆ ಅಂಗಡಿಯಲ್ಲಿ ಜಗಳವಾಗುತ್ತಿತ್ತು.

ಮೀನು ಕಡಿಮೆಯಾಗಿದೆ, ಕಿಲೋಗೆ ಹತ್ತಾರು ಯೂರೊ ಬೆಲೆ. ಹೊಳೆಗಳ ನೀರನ್ನು ಬೆಟ್ಟ ಕೊರೆದು ಪಶ್ಚಿಮದ ಒಣನೆಲಕ್ಕೆ ಒಯ್ದದ್ದೇ ಕಾರಣ ಎಂದು ಮುದುಕನ ವಾದ. ವೂವ್‌ಗಳೇ ಕಾರಣ ಅನ್ನುವವರೂ ಇದ್ದಾರೆ. ನನಗಂತೂ ಎರಡೂ ನಿಜವೆನಿಸಿತು. ಉಂಡ ಮನೆಯಲ್ಲಿ ಹೇಳಲಿಲ್ಲ.

ಸಂಜೆ ವೂವ್ ಎತ್ತುವಾಗ ಒಂದು ಮರಿ ಜಾರಿ ಒದ್ದೆ ಕಲ್ಲಿಗೆ ಅಂಟಿಕೊಂಡಿತು. ಒಂದು ಗೇಣು ಏರಿರಬೇಕು. ಮುದುಕ ಉಗುರಲ್ಲಿ ಎಬ್ಬಿಸಿ ಅದನ್ನೂ ಬಕೀಟಿಗೆ ಹಾಕಿದ.