ಪ್ರಜಾಪ್ರತಿನಿಧಿ ಸಭೆಯೂ ಜವಾಬ್ದಾರಿ ಸರ್ಕಾರವೂ

1881ನೆಯ ಇಸವಿ ಅಕ್ಟೋಬರ್ 7ನೆಯ ತಾರೀಖು, ದಸರೆಯ ಸಮಯದಲ್ಲಿ, ಮೈಸೂರು ನಗರದಲ್ಲಿ ರೈತರೂ ವರ್ತಕರೂ ಸೇರಿ 144 ಮಂದಿ ಸಭೆಗೂಡಿದರು. ಐವತ್ತು ವರ್ಷಕಾಲ ಆಂಗ್ಲರ ಆಡಳಿತದಲ್ಲಿದ್ದ ಸಂಸ್ಥಾನವು ಆ ವರ್ಷದ ಮಾರ್ಚಿ ತಿಂಗಳಲ್ಲಿ ಒಡೆಯರ ಮನೆತನಕ್ಕೆ ಹಿಂದಿರುಗಿದ್ದಿತು. ಅದಕ್ಕೆ ಹಿಂದಿನ 1876-78ರ ಮಹಾಕ್ಷಾಮವು ಸುಮಾರು 10 ಲಕ್ಷ ಜನರನ್ನು ನುಂಗಿದ್ದಿತು. ಪ್ರಜೆಗಳ ಕಷ್ಟಸುಖಗಳು ಅವರ ಬಾಯಿಂದಲೇ ಸರ್ಕಾರಕ್ಕೆ ತಿಳಿಯಲೆಂದು ದಿವಾನ್ ರಂಗಾಚಾರ್ಲು ಅವರು ಈ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಅರಸನ ಇಚ್ಛೆಯೇ ಶಾಸನವಾಗಿದ್ದ ದೇಶೀಯ ಸಂಸ್ಥಾನಗಳ ನಡುವೆ ಇದು ಅಲ್ಪಸಾಹಸವಲ್ಲ. ನಮ್ಮ ಶೆಟ್ಟಿಕೆರೆಯಂತಹ ಹಳ್ಳಿಯ ಕೆರೆತೂಬಿನ ಮಾತೂ ದಿವಾನರ ಕಿವಿಗೆ ಬೀಳಲು ಒಂದು ದಾರಿಯಾಯಿತು.

ಆದರೆ ಆ ಸಭಿಕರನ್ನು ಆರಿಸಿದವರು ಪ್ರಜೆಗಳಲ್ಲ. 1891ರ ಸುಮಾರಿಗೆ ಚುನಾವಣೆಯು ಬಂದಿತಾದರೂ ಮತದ ಹಕ್ಕು ಕೆಲವೇ ಜನಕ್ಕೆ ದೊರೆಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರಲ್ಲಿ ಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ ದೊರೆತು, ಹೊಸ ತೆರಿಗೆ ಹಾಕುವ ಮೊದಲು ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ಇಷ್ಟಾದರೂ ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರಿಗೆ, ಸಭೆಗಲ್ಲ. ಸಭಿಕರು ಕೇಳಬಹುದು, ದೂರಬಹುದು, ದಿವಾನರನ್ನು ಇಳಿಸಲಾರರು.

ಪಾಠಶಾಲೆಯಲ್ಲಿ ಮೀಮಾಂಸೆ ಓದಿದವರಿಗೆ ‘ಪ್ರತಿನಿಧಿ’ ಎಂಬ ಮಾತು ಹೊಸದಲ್ಲ. ಯಾಗಕ್ಕೆ ಬತ್ತ ದೊರೆಯದಿದ್ದರೆ ನೀವಾರಧಾನ್ಯವು ಅದರ ಪ್ರತಿನಿಧಿ. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ. ಫಲಕ್ಕೆ ಒಡೆಯನು ಅವನೇ ಆದುದರಿಂದ ಅವನ ಸ್ಥಾನದಲ್ಲಿ ಮತ್ತೊಬ್ಬನನ್ನು ನಿಲ್ಲಿಸಲಾಗದು. (ಇದನ್ನು ಹೇಳುವಾಗಲೆಲ್ಲ ನನ್ನ ವಿದ್ಯಾರ್ಥಿಗಳು ಆಕಳಿಸುತ್ತಿದ್ದರು, ವಾಚಕರು ಕ್ಷಮಿಸಬೇಕು.) ರಾಜ್ಯವೆಂಬ ಯಾಗಕ್ಕೆ ಯಜಮಾನನಾರೆಂಬುದೇ ಮೈಸೂರಿನ ಪ್ರಶ್ನೆಯಾಗಿದ್ದಿತು. 1938ನೆಯ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಕೂಡಿದ ಜನರ ಮೇಲೆ ಗುಂಡು ಹಾರಿತು. ಪ್ರತಿನಿಧಿ ಸಭೆಯಿದ್ದ ಸಂಸ್ಥಾನದಲ್ಲಿಯೇ ಇದಾಯಿತೆಂಬುದನ್ನು ಮರೆಯಲಾಗದು. ಭಾರತವು ಸ್ವತಂತ್ರವಾದ ಮೇಲೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. ‘ಮೈಸೂರು ಚಲೋ’ ಚಳವಳಿಯ ತರುವಾಯ, 1947ರ ಅಕ್ಟೋಬರಿನಲ್ಲಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿತು. ಮೊದಲ ಸಭೆಯಿಂದ ಇಲ್ಲಿಗೆ 66 ವರ್ಷ!

ನೆರೆಯ ಬರ್ಮಾ ದೇಶದ ಸಂಗತಿಯನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿನ 2008ರ ಸಂವಿಧಾನವು ಸಂಸತ್ತಿನ ಕಾಲುಭಾಗದ ಸ್ಥಾನಗಳನ್ನು ಸೈನ್ಯಕ್ಕೆ ಮೀಸಲಿಟ್ಟಿತು. ಮುಖ್ಯವಾದ ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕೆಂದಿತು. ಎಂದರೆ ಸೈನ್ಯವು ಒಪ್ಪದೆ ಏನೂ ಕದಲದು. ಜನರು 2020ರಲ್ಲಿ ಮತ ಕೊಟ್ಟರು. 2021ನೆಯ ಫೆಬ್ರವರಿ 1ರಂದು ಸೈನ್ಯವೇ ರಾಜ್ಯವನ್ನು ಹಿಡಿಯಿತು. ಮತಪೆಟ್ಟಿಗೆಯಿದ್ದಿತು, ಯಜಮಾನಿಕೆ ಕೈಬದಲಾಗಿರಲಿಲ್ಲ.

ಬರ್ಮಾದ ಕತೆ ನಮಗೇಕೆಂದು ಕೆಲವರು ಕೇಳಬಹುದು. ನಮ್ಮಲ್ಲಿ ಸೈನ್ಯವು ಬರಲಿಲ್ಲ, ನಿಜ. ಆದರೆ 2021ರಲ್ಲಿ ಅವಧಿ ಮುಗಿದ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣಗಳಿಗೇನೂ ಕೊರತೆಯಾಗಲಿಲ್ಲ. ಸದಸ್ಯರು ಕುಳಿತಿದ್ದ ಕಡೆ ಆಡಳಿತಾಧಿಕಾರಿಗಳು ಬಂದರು; ಕೆರೆತೂಬಿನ ಮಾತು ಹೊತ್ತು ಹೋದ ರೈತನು 1881ರವರಂತೆಯೇ ಕೈಯಲ್ಲಿ ಅರ್ಜಿ ಹಿಡಿದು ನಿಂತನು.