ಪ್ರೇತವೇಷದ ಭಾವಚಿತ್ರಗಳು

ಪಾಶ್ಚಾತ್ಯ ದೇಶಗಳಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ಅಕ್ಟೋಬರ್ 31ನೆಯ ರಾತ್ರಿಗೆ ಹ್ಯಾಲೋವೀನ್ ಎಂದು ಹೆಸರು. ಮರುದಿನವು ಕ್ರೈಸ್ತರ ಸಕಲ ಸಂತರ ಹಬ್ಬ. ಆ ರಾತ್ರಿ ಸತ್ತವರು ಬದುಕಿದ್ದವರ ನಡುವೆ ಸುಳಿದಾಡುವರೆಂಬ ನಂಬಿಕೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಬಹು ಹಿಂದಿನಿಂದ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ವಲಸೆ ಹೋದವರೊಡನೆ ಅದೂ ಕಡಲನ್ನು ದಾಟಿತು. ಸ್ವದೇಶದಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದವರು ಹೊಸ ನಾಡಿನಲ್ಲಿ ಕುಂಬಳಕಾಯಿಯನ್ನು ಕೊರೆಯತೊಡಗಿದರು. ಭಯದ ರಾತ್ರಿಯು ಕಾಲಕ್ರಮದಲ್ಲಿ ವೇಷದ ರಾತ್ರಿಯಾಯಿತು. ವೇಷಧಾರಿಗಳು ಭಾವಚಿತ್ರವನ್ನು ತೆಗೆಸಿಕೊಳ್ಳುವುದೂ ರೂಢಿಗೆ ಬಂದಿತು. ಆದರೆ ಆ ಚಿತ್ರಗಳಲ್ಲಿ ಕಾಣುವ ಬೆಳಕಿಗೂ ಭಂಗಿಗೂ ಹಬ್ಬದ ಚರಿತ್ರೆಯಿಂದ ಬೇರೆಯಾದ ಒಂದು ಚರಿತ್ರೆಯುಂಟು. ಅದು ಛಾಯಾಚಿತ್ರಕಲೆಯಷ್ಟೇ ಹಳೆಯದು. ಅದರಲ್ಲಿ ವಿನೋದಕ್ಕೆಷ್ಟು ಪಾಲುಂಟೋ ವಂಚನೆಗೂ ಅಷ್ಟೇ ಪಾಲುಂಟು.

ಕ್ಯಾಮೆರಾದ ಮುಂದೆ ಮೊಟ್ಟಮೊದಲು ಶವದ ವೇಷವನ್ನು ಧರಿಸಿದವರಲ್ಲಿ ಫ್ರಾನ್ಸ್ ದೇಶದ ಇಪ್ಪೋಲಿತ್ ಬಯಾರನು ಪ್ರಸಿದ್ಧನು. ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ವಿಧಾನವೊಂದನ್ನು ಅವನು ಸ್ವತಂತ್ರವಾಗಿ ಕಂಡುಹಿಡಿದು, 1839ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೂವತ್ತು ಚಿತ್ರಗಳನ್ನು ಪ್ರದರ್ಶಿಸಿದ್ದನು. ಆದರೂ ವಿಜ್ಞಾನಿ ಅರಾಗೊನ ಬೆಂಬಲವಿದ್ದ ದಗೇರನಿಗೆ ವರ್ಷಕ್ಕೆ 6,000 ಫ್ರಾಂಕುಗಳ ವಿಶ್ರಾಂತಿವೇತನವೂ ಲೋಕಖ್ಯಾತಿಯೂ ದೊರೆತವು. ಬಯಾರನಿಗೆ ಸಿಕ್ಕಿದ್ದು ಅಲ್ಪವೇ. ಮನನೊಂದ ಆತನು 1840ರ ಅಕ್ಟೋಬರಿನಲ್ಲಿ ತನ್ನದೇ ಚಿತ್ರವೊಂದನ್ನು ತೆಗೆದನು. ಸೊಂಟದ ಮೇಲೆ ಬಟ್ಟೆಯಿಲ್ಲದೆ, ಒಂದು ಪಕ್ಕಕ್ಕೆ ಒರಗಿ, ಕಣ್ಣು ಮುಚ್ಚಿ ಕುಳಿತ ಆಕೃತಿ. ಹಿಂದೆ ಗೋಡೆಗೆ ನೇತುಹಾಕಿದ ಅಗಲವಾದ ಹುಲ್ಲಿನ ಟೋಪಿ. ಚಿತ್ರದ ಹಿಂಬದಿಯಲ್ಲಿ, ಸರ್ಕಾರವು ದಗೇರನಿಗೆ ಎಲ್ಲವನ್ನೂ ಕೊಟ್ಟು ತನಗೇನನ್ನೂ ಕೊಡದ ಕಾರಣ ಬಯಾರನೆಂಬ ಈ ನಿರ್ಭಾಗ್ಯನು ನೀರಿಗೆ ಬಿದ್ದು ಸತ್ತನೆಂದು ತಾನೇ ಬರೆದನು. ಬಿಸಿಲಿಗೆ ಕಂದಿದ ಮುಖವೂ ಕೈಗಳೂ ಚಿತ್ರದಲ್ಲಿ ಕಪ್ಪಾಗಿ ಬಂದಿದ್ದವು. ಅದನ್ನೂ ಬಿಡದೆ, ಶವವು ಆಗಲೇ ಕೊಳೆಯತೊಡಗಿದೆಯೆಂದು ಪ್ರೇಕ್ಷಕರನ್ನು ಎಚ್ಚರಿಸಿದನು! ಹೀಗೆ ಸತ್ತವನು 1887ರವರೆಗೆ ಬದುಕಿದ್ದನು. ಆ ಕಾಲದಲ್ಲಿ ಒಂದು ಚಿತ್ರ ಮೂಡಬೇಕಾದರೆ ಬಿಸಿಲಿನಲ್ಲಿ ಹಲವು ನಿಮಿಷ ಅಲುಗದೆ ಇರಬೇಕಾಗಿದ್ದಿತು. ಅಷ್ಟು ಹೊತ್ತು ಮನುಷ್ಯನು ನಿರಾಯಾಸವಾಗಿ ನಟಿಸಬಲ್ಲ ಪಾತ್ರವೆಂದರೆ ಶವದ ಪಾತ್ರವೇ ಸರಿ.

ಈ ದೀರ್ಘಕಾಲದ ಕಷ್ಟವನ್ನೇ ಉಪಾಯವನ್ನಾಗಿ ಮಾಡಿಕೊಂಡವನು ಸ್ಕಾಟ್ಲೆಂಡಿನ ಭೌತವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರನು. ಎರಡು ಚಿತ್ರಗಳನ್ನು ಒಂದಾಗಿಸಿ ಘನರೂಪವನ್ನು ತೋರಿಸುವ ಸ್ಟೀರಿಯೋಸ್ಕೋಪ್ ಯಂತ್ರವನ್ನು ಕುರಿತು 1856ರಲ್ಲಿ ಬರೆದ ಗ್ರಂಥದಲ್ಲಿ ಅವನು ಪ್ರೇತವನ್ನು ನಿರ್ಮಿಸುವ ಕ್ರಮವನ್ನು ಮರೆಮಾಚದೆ ವಿವರಿಸಿದ್ದಾನೆ. ನಿಜವಾದ ಪ್ರೇತವನ್ನು ಕಂಡರೆ ಯಾವ ಭಂಗಿಯಲ್ಲಿ, ಯಾವ ಮುಖಭಾವದಲ್ಲಿ ಇರುತ್ತಿದ್ದರೋ ಹಾಗೆ ಕೆಲವರನ್ನು ಮೊದಲು ನಿಲ್ಲಿಸಬೇಕು. ಅವರ ಚಿತ್ರ ಮುಗಿಯುತ್ತ ಬಂದಾಗ ತಕ್ಕ ಉಡುಪಿನ ಸ್ತ್ರೀಯೊಬ್ಬಳು ಬೇಗನೆ ಬಂದು, ಗೊತ್ತುಮಾಡಿದ ಸ್ಥಳದಲ್ಲಿ ಕೆಲವು ಕ್ಷಣ ನಿಂತು, ಅಷ್ಟೇ ಬೇಗನೆ ಸರಿದುಹೋಗಬೇಕು. ಆಕೆಯ ಅಚ್ಚು ಅರೆಬರೆಯಾಗಿ ಮೂಡಿ, ಹಿಂದಿನ ಕುರ್ಚಿ ಗೋಡೆಗಳು ಆಕೆಯ ಮೈಯ ಮೂಲಕವೇ ಕಾಣುವುವು. ಲಂಡನ್ ಸ್ಟೀರಿಯೋಸ್ಕೋಪಿಕ್ ಕಂಪೆನಿಯು ಈ ಬಗೆಯ ಚಿತ್ರಗಳನ್ನು ಮಾರಿತು. ಸೂಚನೆ ಬ್ರೂಸ್ಟರನದೆಂದು ಅಚ್ಚುಹಾಕಿಸಿತು ಸಹ. ಕೊಳ್ಳುವವರು ನಗುವುದಕ್ಕಾಗಿಯೇ ಕೊಂಡರು.

ಆರೇ ವರ್ಷಗಳಲ್ಲಿ ನಗೆಯು ಮಾಯವಾಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ಆಭರಣಗಳ ಮೇಲೆ ಚಿತ್ತಾರ ಕೆತ್ತುತ್ತಿದ್ದ ವಿಲಿಯಂ ಮಮ್ಲರನು, ತಾನು ತೆಗೆದುಕೊಂಡ ಸ್ವಂತ ಚಿತ್ರದಲ್ಲಿ ಸತ್ತ ಬಂಧುವೊಬ್ಬಳ ರೂಪ ಬಂದಿದೆಯೆಂದು 1862ರ ಹೊತ್ತಿಗೆ ಪ್ರಚಾರಕ್ಕೆ ಬಂದನು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಿತು. ಅದು ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು. ಮಕ್ಕಳ ಶವವನ್ನೂ ಕಾಣದ ತಾಯಿತಂದೆಗಳ ನಾಡಿನಲ್ಲಿ ಇಂಥ ಚಿತ್ರಗಾರನಿಗೆ ಗಿರಾಕಿಗಳು ಕಡಿಮೆಯಾದಾರೆ? ಕುಳಿತವರ ಭುಜದ ಹಿಂದೆ ಬಿಳಿಯ ಮಸುಕು ಮೂರ್ತಿಯೊಂದು ಬಾಗಿರುವುದೇ ಅವನ ಚಿತ್ರಗಳ ಸಾಮಾನ್ಯ ವಿನ್ಯಾಸ. ಒಂದೇ ಗಾಜಿನ ತಟ್ಟೆಯ ಮೇಲೆ ಎರಡು ಸಲ ಬೆಳಕು ಬೀಳಿಸಿದರೆ, ಕಪ್ಪು ಪರದೆಯ ಮುಂದೆ ಬಿಳಿಯ ಬಟ್ಟೆ ಹೊದಿಸಿ ಮೊದಲೇ ತೆಗೆದಿದ್ದ ಆಕೃತಿಯು ಅನಂತರ ಕುಳಿತವರ ಪಕ್ಕದಲ್ಲಿ ಉದಿಸುವುದು ಕಷ್ಟವೇನಲ್ಲ. ಮಸುಕು ಹೆಚ್ಚಿದಷ್ಟೂ ಗುರುತು ಹಿಡಿಯುವವರು ಹೆಚ್ಚಿದರು. ಆದರೆ ಬಾಸ್ಟನ್ನಿನಲ್ಲಿ ಕೆಲವು ಪ್ರೇತಗಳು ಬದುಕಿರುವ ಜನರವೆಂದು ಬಯಲಾಯಿತು.

ಮಮ್ಲರನು ನ್ಯೂಯಾರ್ಕಿಗೆ ಹೋದನು. ಅಲ್ಲಿ ಅಧಿಕಾರಿಯೊಬ್ಬನು ಸುಳ್ಳು ಹೆಸರಿನಲ್ಲಿ ಚಿತ್ರ ತೆಗೆಸಿಕೊಂಡುದರ ಫಲವಾಗಿ 1869ರ ಏಪ್ರಿಲಿನಲ್ಲಿ ಅವನ ಬಂಧನವಾಯಿತು. ವಿಚಾರಣೆಯು ಊರಿಗೆ ಊರೇ ನೋಡಿದ ನಾಟಕವಾಯಿತು. ವೃತ್ತಿಪರ ಛಾಯಾಚಿತ್ರಗಾರರು ಸಾಕ್ಷಿ ಹೇಳಿ, ಪ್ರೇತವನ್ನು ಮೂಡಿಸಲು ಎಷ್ಟು ಬಗೆಯ ಯುಕ್ತಿಗಳುಂಟೆಂಬುದನ್ನು ಬಿಡಿಸಿ ತೋರಿಸಿದರು. ಜನರನ್ನು ಮರುಳುಗೊಳಿಸಿಯೇ ಹಣವಂತನಾದ ಪ್ರದರ್ಶಕ ಬಾರ್ನಮನು ವಂಚನೆಯ ವಿರುದ್ಧ ಸಾಕ್ಷಿಯಾಗಿ ನಿಂತುದು ವಿಧಿಯ ಹಾಸ್ಯವೆನ್ನಬೇಕು. ಏಬ್ರಹಾಂ ಬೊಗಾರ್ಡಸನೆಂಬ ಚಿತ್ರಗಾರನು ಬಾರ್ನಮನ ಹಿಂದೆ ಲಿಂಕನ್ನನ ಪ್ರೇತವನ್ನು ನಿಲ್ಲಿಸಿ ಚಿತ್ರ ತೆಗೆದುಕೊಟ್ಟಿದ್ದನು. ಇತ್ತ ಲಿವರ್‌ಮೋರ್ ಎಂಬ ಸಾಹುಕಾರನು, ಚಿತ್ರದಲ್ಲಿರುವವಳು ಸತ್ತ ತನ್ನ ಪತ್ನಿಯೇ ಎಂದು ಮಮ್ಲರನ ಪರವಾಗಿ ನುಡಿದನು. ಮೋಸ ನಡೆದಿದೆಯೆಂದು ತನ್ನ ಮನಸ್ಸು ಒಪ್ಪಿದರೂ ಅದನ್ನು ಸಿದ್ಧಪಡಿಸುವ ಸಾಕ್ಷ್ಯವಿಲ್ಲವೆಂದು ಹೇಳಿ ನ್ಯಾಯಾಧೀಶ ಡೌಲಿಂಗನು ಆರೋಪಿಯನ್ನು ಬಿಟ್ಟುಬಿಟ್ಟನು. ಹತ್ತು ಯುಕ್ತಿಗಳನ್ನು ತೋರಿಸಿದವರು, ಮಮ್ಲರನು ಬಳಸಿದ್ದು ಯಾವುದೆಂಬುದನ್ನು ಮಾತ್ರ ತೋರಿಸಲಾರದೆ ಹೋಗಿದ್ದರು.

ಇದಾದ ಬಳಿಕ, 1872ರ ಸುಮಾರಿಗೆ, ಶೋಕವಸ್ತ್ರ ಧರಿಸಿದ ವಿಧವೆಯೊಬ್ಬಳು ಬೇರೊಂದು ಹೆಸರು ಹೇಳಿಕೊಂಡು ತನ್ನಲ್ಲಿಗೆ ಬಂದಳೆಂದು ಮಮ್ಲರನು ಬರೆದಿದ್ದಾನೆ. ಆಕೆ ಮೇರಿ ಲಿಂಕನ್. ಪತಿಯು 1865ರಲ್ಲಿ ಆಕೆಯ ಪಕ್ಕದಲ್ಲಿಯೇ ಗುಂಡೇಟಿಗೆ ಗುರಿಯಾಗಿದ್ದನು. 1871ರಲ್ಲಿ ಮಗ ಟ್ಯಾಡನೂ ತೀರಿಕೊಂಡಿದ್ದನು. ಚಿತ್ರದಲ್ಲಿ ಆಕೆ ಕೈಜೋಡಿಸಿ ನೇರವಾಗಿ ನೋಡುತ್ತ ಕುಳಿತಿದ್ದಾಳೆ. ಹಿಂದಿನಿಂದ ಲಿಂಕನ್ನನ ಮಂಕಾದ ರೂಪವು ಆಕೆಯ ಭುಜಗಳ ಮೇಲೆ ಕೈಯಿಟ್ಟಿದೆ. ಭಂಗಿಯನ್ನು ಕಲ್ಪಿಸಿದವನು ಮೋಸಗಾರನಾದರೂ ದುಃಖಿಗಳಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಬಲ್ಲವನು. ಪ್ಯಾರಿಸ್ಸಿನಲ್ಲಿ ಬ್ಯುಗೆ ಎಂಬಾತನ ಕಥೆ ಇನ್ನೂ ವಿಚಿತ್ರ. 1875ರಲ್ಲಿ ನ್ಯಾಯಸ್ಥಾನದಲ್ಲಿ ಅವನು ತಪ್ಪೊಪ್ಪಿಕೊಂಡನು. ಅರಿವೆ ಸುತ್ತಿದ ಬೊಂಬೆಯನ್ನೂ ಅದಕ್ಕೆ ಅಂಟಿಸುತ್ತಿದ್ದ ಕಾಗದದ ತಲೆಗಳನ್ನೂ ಪೊಲೀಸರು ತಂದು ಮುಂದಿಟ್ಟರು. ಅದನ್ನು ಕಣ್ಣಾರೆ ಕಂಡ ಮೇಲೂ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು, ತಾವು ಕಂಡದ್ದು ತಮ್ಮವರನ್ನೇ ಎಂದು ಹಟ ಹಿಡಿದರು. ಬ್ಯುಗೆಗೆ ಒಂದು ವರ್ಷದ ಸೆರೆಯೂ 500 ಫ್ರಾಂಕುಗಳ ದಂಡವೂ ಆಯಿತು.

ಈ ಪ್ರೇತಗಳೆಲ್ಲ ಬೆಳ್ಳಗೆ, ಶಾಂತವಾಗಿ, ಮಸುಕಾಗಿ ಇರುವುದಕ್ಕೆ ಕಾರಣವುಂಟು. ಆಗಿನ ಚಿತ್ರಶಾಲೆಗಳಲ್ಲಿ ಗಾಜಿನ ಮಾಡಿನಿಂದ ಇಳಿಯುವ ಹಗಲ ಬೆಳಕೇ ಆಧಾರ. ಆಕಾಶದ ಬೆಳಕು ಮೇಲಿನಿಂದ ಬರುವುದೇ ಹೊರತು ಕೆಳಗಿನಿಂದ ಬಾರದು. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಷಿಯಂ ಮಿಂಚುಪುಡಿಯೂ ಅನಂತರ ಚಲನಚಿತ್ರದವರ ಪ್ರಬಲವಾದ ವಿದ್ಯುದ್ದೀಪಗಳೂ ಬಂದ ಮೇಲೆ, ಬೆಳಕನ್ನು ಬೇಕಾದೆಡೆ ಇಡುವ ಸ್ವಾತಂತ್ರ್ಯ ಚಿತ್ರಗಾರನಿಗೆ ಸುಲಭವಾಗಿ ಒದಗಿತು. ಗಲ್ಲದ ಕೆಳಗೆ ಹಣತೆ ಹಿಡಿದ ಮುಖವನ್ನು ಕತ್ತಲಲ್ಲಿ ಕಂಡವರಿಗೆ ಇದರ ಪರಿಣಾಮ ತಿಳಿದಿದೆ. ಮೂಗಿನ ನೆರಳು ಮೇಲಕ್ಕೇರುತ್ತದೆ, ಹುಬ್ಬಿನ ಕೆಳಗೆ ನೆರಳಿರಬೇಕಾದಲ್ಲಿ ಬೆಳಕು ಬೀಳುತ್ತದೆ, ಪರಿಚಿತ ಮುಖವೇ ಅಪರಿಚಿತವಾಗುತ್ತದೆ. 1931ರ ಫ್ರಾಂಕೆನ್‌ಸ್ಟೈನ್ ಚಲನಚಿತ್ರದಲ್ಲಿ ಬೋರಿಸ್ ಕಾರ್ಲೋಫನ ಮುಖಕ್ಕೆ ಜ್ಯಾಕ್ ಪಿಯರ್ಸನು ಪ್ರತಿದಿನ ಗಂಟೆಗಟ್ಟಲೆ ಬಣ್ಣಗಾರಿಕೆ ಮಾಡುತ್ತಿದ್ದನು. ಆ ಭಾರವಾದ ರೆಪ್ಪೆಗಳಿಗೂ ಉಬ್ಬಿದ ಹಣೆಗೂ ದೀಪದ ನೆರಳಿಲ್ಲದಿದ್ದರೆ ಅರ್ಧ ಭಯವೂ ಹುಟ್ಟುತ್ತಿರಲಿಲ್ಲ.

ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಮಾರ್ಟೆನ್ಸನನು ರೂಪದರ್ಶಿಗಳಿಗೆ ಮಾಟಗಾತಿಯರ ವೇಷ ಹಾಕಿಸಿ ಚಿತ್ರಗಳನ್ನು ತೆಗೆದನು. ರಾಕ್ಷಸರನ್ನೂ ದೇವಮಾತೆಯರನ್ನೂ ಶೀರ್ಷಿಕೆಯಲ್ಲಿಯೇ ಜೊತೆಗೂಡಿಸಿದ ಗ್ರಂಥವನ್ನು 1936ರಲ್ಲಿ ಪ್ರಕಟಿಸಿದನು. ಇದ್ದುದನ್ನು ಇದ್ದಂತೆ ಹಿಡಿಯಬೇಕೆಂಬ ಪಂಥದ ಆನ್ಸೆಲ್ ಆಡಮ್ಸನು ಅವನನ್ನು ಕಟುವಾಗಿ ಖಂಡಿಸಿದನು. ಮಾರ್ಟೆನ್ಸನನ ಪ್ರೇತಗಳಾದರೋ ಯಾರ ಶೋಕವನ್ನೂ ಹಣವಾಗಿ ಮಾಡಿಕೊಂಡವಲ್ಲ. ಹಾಲಿವುಡ್ಡಿನ ಚಿತ್ರಸಂಸ್ಥೆಗಳೂ ಹ್ಯಾಲೋವೀನಿಗಾಗಿ ತಮ್ಮ ನಟಿಯರನ್ನು ಚೂಪುಟೋಪಿ, ಕಸಬರಿಕೆ, ಕರಿಬೆಕ್ಕು, ಕುಂಬಳದ ದೀಪಗಳೊಡನೆ ನಿಲ್ಲಿಸಿ ಪತ್ರಿಕೆಗಳಿಗೆ ಚಿತ್ರಗಳನ್ನು ಕಳುಹಿಸುತ್ತಿದ್ದವು. ಇಂದಿನ ಚಿತ್ರಗಾರನು ಹ್ಯಾಲೋವೀನಿನ ವೇಷಧಾರಿಯನ್ನು ಕಪ್ಪು ಪರದೆಯ ಮುಂದೆ ಕೂರಿಸಿ, ಒಂದು ದೀಪವನ್ನು ಮೊಣಕಾಲಿನ ಮಟ್ಟಕ್ಕಿಳಿಸಿ, ಗಲ್ಲವನ್ನು ತಗ್ಗಿಸಿ ಕಣ್ಣನ್ನು ಮಾತ್ರ ಮೇಲೆತ್ತೆಂದು ಹೇಳುತ್ತಾನೆ. ಪಾರದರ್ಶಕವಾದ ಪ್ರೇತವೇ ಬೇಕೆಂದಾದರೆ ಕ್ಯಾಮೆರಾದ ಕಣ್ಣನ್ನು ಕೆಲವು ಕ್ಷಣ ತೆರೆದಿಟ್ಟು, ಆ ವೇಳೆ ಮುಗಿಯುವುದರೊಳಗೆ ಸರಿದುಹೋಗೆಂದು ಗೆಳೆಯನಿಗೆ ಸನ್ನೆ ಮಾಡುತ್ತಾನೆ.